ಗಿಳಿ ತಾನೇ ಗಳಿಸಿದ ಹೆಸರು

ನಿಗಡಿಯ ನಮ್ಮ ಫ್ಲ್ಯಾಟಿಗೆ ಕಾಕಟೀಲ್ ಗಿಳಿ ತಂದ ಭಾನುವಾರ ಯಾರಿಗೂ ಬೇರೆ ಕೆಲಸ ಬೇಕಿರಲಿಲ್ಲ. ಪಂಜರದ ಸುತ್ತ ಕೂತು ಹೆಸರು ಹುಡುಕಿದ್ದೇ ಹುಡುಕಿದ್ದು. ಅತ್ತೆ ‘ರಾಮಾ’ ಎಂದು ಕರೆದರು, ಮಗಳು ‘ಮಿಠ್ಠೂ’ ಎಂದಳು. ಗಿಳಿ ಯಾರ ಕಡೆಗೂ ತಿರುಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಗಿಳಿ ಜುಟ್ಟು ನಿಮಿರಿಸಿ, ಅದಕ್ಕಿಂತ ಜೋರಾಗಿ ತಾನೂ ಸಿಳ್ಳೆ ಹಾಕಿತು! ನಾನು ನಕ್ಕು ನಕ್ಕು ನೆಲಕ್ಕೇ ಉರುಳಿದೆ.

“ಇದರ ಹೆಸರು ಕುಕ್ಕರ್!” ಮಗಳು ಕುಣಿದಳು.

“ದೇವರ ಹೆಸರು ಬಿಟ್ಟು ಕುಕ್ಕರ್ ಅಂತ ಇಡ್ತಾರೇನ ಯಾರರೆ?” ಎಂದು ಅತ್ತೆ ಮುನಿಸಿಕೊಂಡರು.

ಸಂಜೆ ಅವರೇ ಸೇಬಿನ ಚೂರು ಹಿಡಿದು ಪಂಜರದ ಮುಂದೆ ನಿಂತು ಮುದ್ದು ಮಾಡುತ್ತಿದ್ದರು: “ಬಾರೋ ನನ್ನ ಕುಕ್ಕರಪ್ಪಾ, ಭಾಳ ಹಸಿವಾಗ್ಯದೇನ?”

ನಾನೂ ಮಗಳೂ ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕೆವು.