ಆಟಿಯ ಆಟವೂ ಕಿಟಕಿಯ ಸ್ಟಾಪರೂ

ನೀವು ಯಾವತ್ತಾದರೂ ಒಂದು ಕಿಟಕಿಯ ಸಹಾಯದಿಂದ ಆಟದಲ್ಲಿ ಮೋಸ ಮಾಡಿದ್ದೀರಾ? ಇಲ್ಲ ಅನ್ನುತ್ತೀರಿ, ನನಗೆ ಗೊತ್ತು. ಇಸ್ಪೀಟಿನ ಎಲೆಯನ್ನು ತೊಡೆಯ ಕೆಳಗೆ ಇಟ್ಟುಕೊಂಡವರೂ ಮೊದಲು ಇಲ್ಲ ಅಂತಲೇ ಹೇಳುವುದು. ನಾನು ಮಾಡಿದ್ದೇನೆ. ಕಳೆದ ಆಟಿಯಲ್ಲಿ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳಲ್ಲಿ, ಪುತ್ತೂರಿನ ದರ್ಬೆಯ ನಮ್ಮ ಮನೆಯಲ್ಲಿ, ಹಾಡಹಗಲು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಸೊಸೆ ಈಚೆಗಷ್ಟೇ ಕಲಿಸಿಕೊಟ್ಟಳು. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಅರ್ಧ ಮರೆತಿರುತ್ತದೆ. ಇದು ಮಾತ್ರ ಮರೆಯುವ ವಿಷಯವಲ್ಲ.

ನಮ್ಮ ಯಜಮಾನರೂ ಅವರ ಅಕ್ಕನೂ ಕೋಡಿಂಬಾಳದಲ್ಲಿ ಹುಟ್ಟಿದವರು, ಆಮೇಲೆ ದರ್ಬೆಗೆ ಬಂದು ಪಕ್ಕಪಕ್ಕದಲ್ಲೇ ಮನೆ ಕಟ್ಟಿದರು. ಅಕ್ಕ ತಮ್ಮನ ನಡುವೆ ಜಾಗ ಯಾಕೆ ಎಂದು ಗೋಡೆಗೂ ಗೋಡೆಗೂ ಮಧ್ಯೆ ಎರಡೇ ಅಡಿ ಬಿಟ್ಟರು. ಗ್ಯಾಸ್ ಸಿಲಿಂಡರ್ ಹೊತ್ತವರು ಅಲ್ಲಿ ಏಡಿಯ ಹಾಗೆ ಅಡ್ಡಕ್ಕೆ ನಡೆಯಬೇಕು. ಆ ಸಂದಿಗೆ ಎರಡೂ ತುದಿಯಲ್ಲಿ ಗೇಟು ಇರುವುದರಿಂದ ಅಲ್ಲಿಗೆ ತೆರೆಯುವ ಕಿಟಕಿಗಳಿಗೆ ಸರಳು ಹಾಕಿಸಲಿಲ್ಲ. ನನ್ನ ಊಟದ ಕೋಣೆಯ ಕಿಟಕಿ ಮತ್ತು ಅತ್ತಿಗೆಯ ಮಲಗುವ ಕೋಣೆಯ ಕಿಟಕಿ ಎದುರುಬದುರು. ಯಜಮಾನರ ಅಕ್ಕನನ್ನು ನಾವು ಕರೆಯುವುದು ಅತ್ತಿಗೆ ಅಂತ. ಎಷ್ಟೋ ವರ್ಷಗಳಿಂದ ಪತ್ರೊಡೆ, ಸಾರು, ಹೆಪ್ಪಿಗೆ ಮಜ್ಜಿಗೆ, ಕಂಡವರ ಮನೆಯ ಸುದ್ದಿ ಎಲ್ಲವೂ ಆ ಎರಡು ಅಡಿ ದಾಟಿಯೇ ಹೋಗಿ ಬಂದಿವೆ.

ಅತ್ತಿಗೆ ನನಗಿಂತ ಏಳು ವರ್ಷಕ್ಕೆ ದೊಡ್ಡವರು. ಚೆನ್ನೆಮಣೆಯಲ್ಲಿ ನನಗಿಂತ ಎಪ್ಪತ್ತು ವರ್ಷಕ್ಕೆ ದೊಡ್ಡವರು. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮರದ ಮಣೆಯಲ್ಲಿ ಹದಿನಾಲ್ಕು ಗುಳಿ, ಆಚೆಯವರಿಗೆ ಏಳು, ಈಚೆಯವರಿಗೆ ಏಳು. ಗುಳಿಗೆ ನಾವು ಮನೆ ಅನ್ನುತ್ತೇವೆ. ಒಂದೊಂದು ಮನೆಗೆ ನಾಲ್ಕು ಮಂಜೊಟ್ಟಿಯ ಕೆಂಪು ಬೀಜ. ನಮ್ಮ ಒಂದು ಮನೆಯ ಬೀಜ ಪೂರ್ತಿ ಎತ್ತಿ ಮುಂದಿನ ಮನೆಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಎಲ್ಲಿ ಹೋಗಿ ನಿಂತರೆ ಎಷ್ಟು ಬೀಜ ಗಿಟ್ಟುತ್ತದೆ ಎಂದು ಮೊದಲೇ ಲೆಕ್ಕ ಹಾಕಿದವರು ಗೆಲ್ಲುತ್ತಾರೆ. ಇದನ್ನು ಆಟಿಯ ಒಂದು ತಿಂಗಳು ಮಾತ್ರ ಆಡುವುದು. ಮರುತಿಂಗಳು ಸೋಣ ಬಂತೆಂದರೆ ಮಣೆ ಅಟ್ಟಕ್ಕೆ ಹೋಗಬೇಕು. ಅಕ್ಕ ತಂಗಿಯರು ಎದುರು ಕೂತು ಆಡಬಾರದು, ಜಗಳ ಆಗುತ್ತದೆ ಎಂದು ಹಿಂದಿನವರು ಹೇಳಿದ್ದಾರೆ. ತಮ್ಮನ ಹೆಂಡತಿಯೂ ಗಂಡನ ಅಕ್ಕನೂ ಆಡುವುದರ ಬಗ್ಗೆ ಅವರು ಏನೂ ಹೇಳಲಿಲ್ಲ. ಹೇಳಬಹುದಿತ್ತು.

ನಾನು ಮದುವೆಯಾಗಿ ಕೋಡಿಂಬಾಳಕ್ಕೆ ಬಂದ ಮೇಲೆ ಪ್ರತಿ ಆಟಿಗೂ ಅತ್ತಿಗೆ ತವರಿಗೆ ಬರುತ್ತಿದ್ದರು. ಬಂದು, ನನ್ನನ್ನು ಸೋಲಿಸಿ, ಹಪ್ಪಳದ ಕಟ್ಟು ತೆಗೆದುಕೊಂಡು ಹೋಗುತ್ತಿದ್ದರು. ದರ್ಬೆಗೆ ಬಂದ ಮೇಲೆ ದಾರಿ ಇನ್ನೂ ಹತ್ತಿರವಾಯಿತು. ಬಿಡಿ ಆಟಗಳನ್ನು ನಾನು ಗೆದ್ದದ್ದಿದೆ. ಆದರೆ ತಿಂಗಳ ಕೊನೆಗೆ ಹೆಚ್ಚು ಆಟ ಗೆದ್ದವರಿಗೆ ಆಟಿ ಸೇರುತ್ತದೆ ಎಂಬುದು ನಮ್ಮಿಬ್ಬರ ನಿಯಮ, ಮತ್ತು ಅಷ್ಟು ವರ್ಷಗಳಲ್ಲಿ ಒಂದೇ ಒಂದು ಆಟಿ ನನ್ನದಾಗಿರಲಿಲ್ಲ. ಸಾಯುವುದರೊಳಗೆ ಕಾಶಿ ನೋಡಬೇಕು ಅನ್ನುವವರಿದ್ದಾರೆ. ನನಗೆ ಒಂದು ಆಟಿ ಗೆಲ್ಲಬೇಕಿತ್ತು.

ಕಳೆದ ವರ್ಷ ಆಟಿ ಹತ್ತಿರ ಬಂದಾಗ ಅತ್ತಿಗೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೊಣಕಾಲಿನವರೆಗೆ ಪ್ಲಾಸ್ಟರ್. ಅವರ ಮಗಳೂ ಅಳಿಯನೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹೋಗುವಾಗ ಅಮ್ಮನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಸ್ಟೂಲು ಕೊಟ್ಟು ಹೋಗುತ್ತಿದ್ದರು. ನನಗೆ ಬೇಸರ ಆಗಲಿಲ್ಲ ಎಂದಲ್ಲ. ಆದರೆ ಕಾಲು ಮುರಿದವರ ತಲೆಯೂ ಸ್ವಲ್ಪ ಮಂದ ಆಗಿರಬಹುದು ಎಂಬ ಯೋಚನೆ ಬಂದದ್ದು ಸತ್ಯ.

ಎರಡು ಕಿಟಕಿಗಳ ಕಟ್ಟೆಗೆ ಸೇರಿಸಿ ಅಗಲದ ಒಂದು ಹಲಗೆ ಹಾಕಿದೆ. ಅದರ ಮೇಲೆ ಮಣೆ ಇಟ್ಟೆ. ನಾನು ಈಚೆ, ಅವರು ಆಚೆ. ಎಲ್ಲ ಸರಿಯಾಗಿಯೇ ಇತ್ತು, ನನ್ನ ಕಿಟಕಿ ಒಂದನ್ನು ಬಿಟ್ಟು. ಹಳೆಯ ಮರದ ಕಿಟಕಿಗೆ ಗೆದ್ದಲು ಹಿಡಿಯಿತೆಂದು ಮಗ ಮಳೆಗಾಲಕ್ಕೆ ಮೊದಲು ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿದ್ದ. ಅತ್ತಿಗೆಯದ್ದು ಇನ್ನೂ ಹಳೇ ಕಾಲದ ಮರದ ಬಾಗಿಲು, ಕೊಕ್ಕೆ ಸಿಕ್ಕಿಸಿದರೆ ಮುಗಿಯಿತು, ಗಾಳಿಗೂ ಅಲುಗದು. ನನ್ನ ಹೊಸತಕ್ಕೆ ಕೊಕ್ಕೆಯೇ ಇಲ್ಲ. ಮುಚ್ಚಿದಾಗ ಹಿಡಿದುಕೊಳ್ಳುವ ಲಾಕ್ ಇದೆ, ತೆರೆದಾಗ ಹಿಡಿದುಕೊಳ್ಳುವುದು ಏನೂ ಇಲ್ಲ. ಸಾಲದ್ದಕ್ಕೆ ಚೌಕಟ್ಟು ಒಂದು ಕಡೆಗೆ ತುಸು ವಾಲಿದೆ. ಗಾಜನ್ನು ದೂಡಿ ತೆರೆದು ಕೈ ಬಿಟ್ಟರೆ, ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ರಿವರ್ಸ್ ಬರುವ ಬಸ್ಸಿನ ಹಾಗೆ ನಿಧಾನವಾಗಿ ತಾನಾಗಿ ವಾಪಸು ಬರುತ್ತದೆ.

ಮೊದಲ ದಿನ ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ಗಾಜು ಬಂದು ಹಲಗೆಗೆ ಗುದ್ದಿತು. ಮಣೆ ಮಗುಚಿ ಬೀಜವೆಲ್ಲ ಸಂದಿಗೆ. ಹೆಕ್ಕಲು ಸೊಸೆಯನ್ನು ಕಳಿಸಿದೆ. ಹೊರಗೆ ಧೋ ಎಂದು ಮಳೆ, ಎರಡು ಅಡಿಯ ಸಂದಿನಲ್ಲಿ ಕೊಡೆ ಬಿಡಿಸಲಿಕ್ಕೂ ಆಗದು.

"ಅತ್ತೆ, ನಿಮ್ಮ ಆಟಕ್ಕೆ ನಾನು ಎಂತಕ್ಕೆ ಮಳೆಗೆ ಚಂಡಿಯಾಗುದು?" ಎಂದಳು ಅಲ್ಲಿಂದಲೇ.

"ಹಿರಿಯರಿಗೆ ಸಹಾಯ ಮಾಡಿದ್ರೆ ಪುಣ್ಯ ಉಂಟು" ಎಂದೆ.

"ಪುಣ್ಯ ನೀವೇ ಇಟ್ಕೊಳ್ಳಿ. ನನಗೆ ಒಂದು ಟವೆಲ್ ಕೊಡಿ."

ಮರುದಿನದಿಂದ ಹಲಗೆಯ ಅಡಿಗೆ ಒಂದು ಹಳೆಯ ಸೀರೆಯನ್ನು ತೊಟ್ಟಿಲಿನ ಹಾಗೆ ಕಟ್ಟಿದೆವು, ಬಿದ್ದರೆ ಅದರಲ್ಲಿ ಬೀಳಲಿ ಎಂದು. ಗಾಜು ನಿಲ್ಲಿಸಲು ಅಡಿಕೆ ಹಾಳೆ ಮಡಚಿ ಸಿಕ್ಕಿಸಿ ನೋಡಿದೆ, ಅದು ಮಳೆಯ ಶೀತಕ್ಕೆ ಮೆತ್ತಗಾಗಿ ಮಲಗಿತು. ಲಟ್ಟಣಿಗೆ ಅಡ್ಡ ಇಟ್ಟದ್ದು ಸರಿಯಾಗಿ ನಿಂತಿತು. ಆದರೆ ಚಪಾತಿಯ ಹೊತ್ತಿಗೆ ಸೊಸೆ ಬಂದು ಅದನ್ನು ಎಳೆದುಕೊಂಡು ಹೋದಳು, ಆಟ ಅರ್ಧದಲ್ಲಿದೆ ಎಂದೂ ನೋಡಲಿಲ್ಲ.

ಕೊನೆಗೆ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಜಾರುವ ಕಿಟಕಿಯನ್ನು ಹಿಡ್ದು ನಿಲ್ಲಿಸುದು ಎಂತಾದ್ರೂ ಉಂಟಾ?"

"ಉಂಟಲ್ಲ ಅಮ್ಮ, ಸ್ಟಾಪರ್" ಎಂದು ಅಂಗಡಿಯವರು ಒಂದು ಡಬ್ಬಿ ತೆಗೆದರು. "ಕಳ್ಳರ ಹೆದರಿಕೆಯಾ?"

"ಕಳ್ಳರದ್ದಲ್ಲ. ನಮ್ಮ ಅತ್ತಿಗೆಯದ್ದು."

"ಅವರು ಕಿಟಕಿಯಲ್ಲಿ ಬರ್ತಾರಾ?"

"ಪೂರ್ತಿ ಬರುದಿಲ್ಲ. ಕೈ ಮಾತ್ರ ಬರ್ತದೆ."

ಅವರು ನನ್ನನ್ನು ಒಮ್ಮೆ, ಡಬ್ಬಿಯನ್ನು ಒಮ್ಮೆ ನೋಡಿದರು. "ಇದು ಮುಚ್ಚಿದ ಕಿಟಕಿ ತೆರೆಯದ ಹಾಗೆ ಹಾಕುದು ಅಮ್ಮ."

"ನನಗೆ ತೆರೆದ ಕಿಟಕಿ ಮುಚ್ಚದ ಹಾಗೆ ಬೇಕು. ತಾನು ಯಾವ ಕೆಲಸಕ್ಕೆ ಬಂದದ್ದು ಅಂತ ಅದಕ್ಕೆ ಗೊತ್ತಾಗ್ತದಾ?"

ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಸ್ವಲ್ಪ ಯೋಚಿಸಿ ಹೇಳಿದರು, "ಇಲ್ಲ. ಅದಕ್ಕೆ ಗೊತ್ತಾಗ್ಲಿಕ್ಕಿಲ್ಲ."

ಹೆಬ್ಬೆರಳಿನಷ್ಟು ಉದ್ದದ ತುಂಡು ಅದು. ಅಡಿಯಲ್ಲಿ ಒಂದು ಸೀಳು, ಪಕ್ಕದಲ್ಲಿ ಎರಡು ಕಿವಿಯ ಒಂದು ಸ್ಕ್ರೂ. ಸೀಳನ್ನು ಕಿಟಕಿಯ ಹಳಿಯ ಮೇಲೆ ಕೂರಿಸಿ, ಕಿವಿ ಹಿಡಿದು ಎರಡು ಸುತ್ತು ತಿರುಗಿಸಿದರೆ ಹಳಿಯನ್ನು ಕಚ್ಚಿಕೊಳ್ಳುತ್ತದೆ. ಗಾಜು ಬಂದು ಅದಕ್ಕೆ ಒರಗಿ ಅಲ್ಲೇ ನಿಲ್ಲುತ್ತದೆ. ಹಾಕಿದ ದಿನ ನಾನು ಮೂರು ನಾಲ್ಕು ಸಲ ಸುಮ್ಮನೆ ಗಾಜು ದೂಡಿ ನೋಡಿದೆ. ಆಚೆಯಿಂದ ಅತ್ತಿಗೆಯೂ ಕೈ ಚಾಚಿ ದೂಡಿ ನೋಡಿದರು.

"ಗಟ್ಟಿ ಉಂಟು ಮಾರಾಯ್ತಿ" ಎಂದರು. "ಇನ್ನು ನೀನು ಸೋತ್ರೆ ಕಿಟಕಿಯ ಮೇಲೆ ಹೇಳ್ಲಿಕ್ಕಿಲ್ಲ."

ಆ ಮಾತು ನನ್ನ ತಲೆಯೊಳಗೆ ಹೋಗಿ ಕೂತಿತು. ಯಾಕೆಂದರೆ ಕಾಲು ಮುರಿದವರ ತಲೆ ಒಂದಿಷ್ಟೂ ಮಂದ ಆಗಿರಲಿಲ್ಲ. ಮೂರು ದಿನದಲ್ಲಿ ಅವರು ಐದು ಆಟ ಗೆದ್ದರು, ನಾನು ಒಂದು. ಆ ಸ್ಕ್ರೂ ಇದ್ದದ್ದು ನನ್ನ ಎಡ ಮೊಣಕೈಯ ಹತ್ತಿರ, ಸೆರಗಿನ ಮರೆಯಲ್ಲಿ. ಮೊದಲ ಸಲ ಅದು ಸಡಿಲವಾದದ್ದು ಕೈತಪ್ಪಿನಿಂದ ಎಂದು ಬರೆಯಬೇಕೆಂದಿದ್ದೆ. ಈ ವಯಸ್ಸಿನಲ್ಲಿ ಸುಳ್ಳು ಯಾಕೆ. ಬೇಕೆಂದೇ ತಿರುಗಿಸಿದೆ. ಗಾಜು ಹೊರಟಿತು, ಹಲಗೆಗೆ ತಾಗಿತು, ಮಣೆಯ ಬೀಜ ಸೀರೆಗೆ ಬಿತ್ತು. ಮಣೆ ಮಗುಚಿದರೆ ಆಟ ರದ್ದು. ಕೋಡಿಂಬಾಳದ ಮನೆಯ ಬೆಕ್ಕು ಮಣೆಯ ಮೇಲೆ ನಡೆಯುತ್ತಿದ್ದ ಕಾಲದಿಂದ ಅದು ನಿಯಮ.

"ಅಯ್ಯೋ, ಎಂತ ಕಿಟಕಿಯಪ್ಪ ಇದು" ಎಂದೆ.

"ಹೊಸ ಕಿಟಕಿ ಅಲ್ವಾ, ಅಭ್ಯಾಸ ಇಲ್ಲ ಅದಕ್ಕೆ" ಎಂದರು ಅತ್ತಿಗೆ. "ಬೀಜ ತೆಗಿ. ಇನ್ನೊಂದು ಆಡುವ."

ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ನನಗೆ ಧೈರ್ಯ ಬಂತು. ಆಮೇಲೆ ಸೋಲುವ ಲಕ್ಷಣ ಕಂಡಾಗಲೆಲ್ಲ ಎಡಗೈ ಸೆರಗಿನೊಳಗೆ ಹೋಗುತ್ತಿತ್ತು. ದಿನಾ ಮಾಡಿದರೆ ಗುಟ್ಟು ಬಯಲಾಗುತ್ತದೆಂದು ನಡುನಡುವೆ ಒಂದೆರಡು ಆಟ ಸಭ್ಯವಾಗಿ ಸೋತೆ. ಒಂದು ಸಲ ಸೊಸೆ ನೀರು ಕುಡಿಯಲು ಬಂದವಳು ನನ್ನ ಕೈ ಇರುವ ಜಾಗ ನೋಡಿದಳು. "ಅತ್ತೆ, ಸ್ಕ್ರೂ ಎಂತ ಮಾಡ್ತಿದ್ದೀರಿ?" ಎಂದಳು. "ಬಿಗಿ ಮಾಡುದು" ಎಂದೆ. "ಆ ಕಡೆ ತಿರುಗಿಸಿದ್ರೆ ಬಿಚ್ಚುದು" ಎಂದು ಹೇಳಿ ಲೋಟ ತೊಳೆದಿಟ್ಟು ಹೋದಳು. ಪುಣ್ಯಕ್ಕೆ ಆಚೆ ಕೇಳಿಸಲಿಲ್ಲ, ಅಥವಾ ಹಾಗೆಂದು ನಾನು ತಿಳಿದುಕೊಂಡೆ.

ಆಟಿಯ ಕೊನೆಯ ದಿನಕ್ಕೆ ಬಂದಾಗ ಅವರದ್ದು ಹನ್ನೊಂದು, ನನ್ನದೂ ಹನ್ನೊಂದು. ನಡುವೆ ರದ್ದಾದ ಆಟಗಳು ಏಳು. ಮರುದಿನದಿಂದ ಸೋಣ, ಮಣೆ ಮುಟ್ಟುವಂತಿಲ್ಲ. ಇನ್ನು ಆಡುವ ಒಂದು ಆಟಕ್ಕೆ ಇಡೀ ಆಟಿ.

ಆ ದಿನ ನಾನು ಮೋಸ ಮಾಡಲಿಲ್ಲ. ಒಳ್ಳೆ ಬುದ್ಧಿ ಬಂತೆಂದು ತಿಳಿಯಬೇಡಿ, ಮೋಸ ಬೇಕಾಗಲಿಲ್ಲ. ನಾನು ಗೆಲ್ಲುತ್ತಿದ್ದೆ. ನನ್ನ ಸ್ಟೀಲ್ ಬಟ್ಟಲಿನಲ್ಲಿ ಇಪ್ಪತ್ತನಾಲ್ಕು ಬೀಜ, ಅವರದ್ದರಲ್ಲಿ ಹದಿನಾರು, ಮಣೆಯಲ್ಲಿ ಇನ್ನು ಹದಿನಾರು. ಇಂಥ ಹೊತ್ತಿನಲ್ಲಿ ಗಾಜು ಅಲುಗಬಾರದು ಎಂದು ಸ್ಕ್ರೂವನ್ನು ಇನ್ನೂ ಒಂದು ಸುತ್ತು ಬಿಗಿ ಮಾಡಿದೆ. ಅದು ಕಚ್ಚದೆ ಸುಮ್ಮನೆ ಸುತ್ತಿತು. ಇನ್ನೊಂದು ಸುತ್ತು, ಅದಕ್ಕೂ ಸುತ್ತಿತು. ತಿಂಗಳಿಡೀ ಬಿಚ್ಚಿ ಬಿಗಿದು ಅದರ ಸುರುಳಿಯ ಹಲ್ಲೇ ಸವೆದುಹೋಗಿತ್ತು. ನಾನು ಕೈ ತೆಗೆದದ್ದೇ ಸ್ಟಾಪರ್ ಹಳಿಯ ಮೇಲೆ ಜಾರಿತು, ಹಿಂದಿನಿಂದ ಗಾಜು ಬಂತು, ಮಣೆಯ ಹದಿನಾರು ಬೀಜವೂ ಸೀರೆಗೆ ಉದುರಿತು.

"ನಾನಲ್ಲ" ಎಂದೆ. ಯಾರೂ ಏನೂ ಕೇಳಿರಲಿಲ್ಲ. "ಅತ್ತಿಗೆ, ಇವತ್ತು ನಾನಲ್ಲ. ನನ್ನ ಮೇಲೆ ಆಣೆ."

ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಮಗುಚಿದರೆ ರದ್ದು. ಇನ್ನೊಂದು ಆಟಿಗೆ ಒಂದು ವರ್ಷ.

ಅತ್ತಿಗೆ ಕುರ್ಚಿಯಲ್ಲಿ ಮುಂದೆ ಬಾಗಿದರು. "ಸೀರೆಯಿಂದ ಬೀಜ ತೆಗ್ದು ಕೊಡು" ಎಂದರು. ಕೊಟ್ಟೆ. ಅವರು ಮಣೆ ನೇರ ಮಾಡಿ, ಒಂದೊಂದೇ ಮನೆ ಬೆರಳಿನಿಂದ ಮುಟ್ಟುತ್ತಾ ಬೀಜ ಹಾಕತೊಡಗಿದರು. "ನನ್ನ ಈ ಮನೆಯಲ್ಲಿ ಮೂರಿತ್ತು. ಇದು ಖಾಲಿ, ಇದೂ ಖಾಲಿ. ಇಲ್ಲಿ ಒಂದು. ಈ ತುದಿಯಲ್ಲಿ ಎರಡು. ನಿನ್ನ ಮೂಲೆಯಲ್ಲಿ ಐದು, ಅದನ್ನು ನೀನು ಆಗಿನಿಂದ ಕಾಯ್ತಾ ಇದ್ದಿ. ಮಧ್ಯದಲ್ಲಿ ಒಂದು. ಇಲ್ಲಿ ನಾಲ್ಕು. ಸರಿ ಉಂಟಾ ನೋಡು."

ನನಗೆ ನೆನಪಿದ್ದದ್ದು ಮೂಲೆಯ ಐದು ಮಾತ್ರ. ಎಣಿಸಿದೆ, ಹದಿನಾರು ಸರಿಯಾಗಿತ್ತು.

"ರದ್ದು ಅಲ್ವಾ?" ಎಂದೆ.

"ಬೆಕ್ಕು ಮಗುಚಿದ್ರೆ ರದ್ದು. ಸರದಿ ನಿನ್ನದು, ಆಡು."

ಸೊಸೆಯನ್ನು ಕರೆದು ಗಾಜು ಹಿಡಿದು ನಿಲ್ಲು ಎಂದೆ. ಒಲೆಯಲ್ಲಿ ಸಾರು ಇದೆ ಎಂದಳು, ಇರಲಿ ಎಂದೆ. ಅವಳು ಗಾಜಿಗೆ ಬೆನ್ನು ಕೊಟ್ಟು ಮೊಬೈಲು ನೋಡುತ್ತಾ ನಿಂತಳು. "ಎಂ.ಎ. ಓದಿದ್ದು ಇದಕ್ಕೇ ನೋಡಿ" ಎಂದಳು ಅತ್ತಿಗೆಗೆ ಕೇಳುವ ಹಾಗೆ. ಅತ್ತಿಗೆ, "ನೀನು ಸ್ಕ್ರೂ ಇಲ್ಲದ ಸ್ಟಾಪರ್ ಮಗಾ, ಗಟ್ಟಿ ನಿಲ್ಲು" ಎಂದರು.

ಮೂಲೆಯ ಐದನ್ನು ಎತ್ತಿದೆ. ಒಂದು ಬೀಜ ಜಾರಿ ಇಬ್ಬರ ಮನೆಯ ನಡುವೆ ಬಿತ್ತು, ಅದನ್ನೂ ಅತ್ತಿಗೆಯೇ ಸರಿ ಜಾಗಕ್ಕೆ ದೂಡಿದರು. ಸುಮಾರು ಕಾಲು ಗಂಟೆ ಆಡಿದೆವು. ಮಾಡಿನ ನೀರು ಸಂದಿಗೆ ಬೀಳುವ ಸದ್ದು, ಅಡುಗೆಮನೆಯಲ್ಲಿ ಸಾರು ಕುದಿದು ಉಕ್ಕುವ ಸದ್ದು. ಆಟ ಮುಗಿದು ಎಣಿಸಿದರೆ ಅವರಿಗೆ ಇಪ್ಪತ್ತೈದು, ನನಗೆ ಮೂವತ್ತೊಂದು.

ಇನ್ನೊಮ್ಮೆ ಎಣಿಸಿದೆ. ಸೊಸೆಯೂ ಎಣಿಸಿದಳು. ಆಮೇಲೆ ನಾನು ಆ ಗಾಜಿನ ಮೇಲೆ ಎರಡೂ ಕೈಯಲ್ಲಿ ಚೆಂಡೆ ಬಾರಿಸಿದೆ. ಸೊಸೆ ಉಕ್ಕಿದ ಸಾರನ್ನು ಮರೆತು ನಗುತ್ತಿದ್ದಳು. ಅತ್ತಿಗೆ ಕೈ ಚಾಚಿ ನನ್ನ ತಲೆಯ ಮೇಲೆ ಒಂದು ಮೊಟಕಿದರು, ಮದುವೆಯಾದ ಹೊಸದರಲ್ಲಿ ಮೊಟಕುತ್ತಿದ್ದ ಹಾಗೆಯೇ. ಒಂದು ಆಟಿ ನನ್ನದಾಯಿತು.

ಮಣೆ ಒರೆಸಿ ಬೀಜವನ್ನು ಡಬ್ಬಿಗೆ ತುಂಬುವಾಗ ಮಾತ್ರ ನನಗೆ ಒಂದು ವಿಷಯ ಹೊಳೆಯಿತು. ಇವತ್ತು ಮಗುಚಿದ ಮಣೆಯನ್ನು ಒಂದು ಬೀಜ ತಪ್ಪದೆ ತಿರುಗಿ ಜೋಡಿಸಿದವರು, ಆ ಏಳು ದಿನವೂ ಜೋಡಿಸಬಹುದಿತ್ತಲ್ಲ. ಏಳರಲ್ಲೂ ಗೆಲ್ಲುತ್ತಿದ್ದವರು ಅವರೇ. ಆ ಏಳನ್ನು ಸೇರಿಸಿದರೆ ನನ್ನ ಆಟಿ ಎಲ್ಲಿ ಉಳಿಯಿತು?

ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆಗಲಿಲ್ಲ.

"ಅತ್ತಿಗೆ" ಎಂದೆ, "ನಾನು ಸ್ಕ್ರೂ ಬಿಚ್ಚುದು ನಿಮಗೆ ಗೊತ್ತಿತ್ತಾ?"

"ಮೊದಲ ದಿನವೇ."

"ಮತ್ತೆ ಆ ಏಳು ಸಲ ಎಂತಕ್ಕೆ ಹೀಗೆ ಬೀಜ ತಿರುಗಿ ಇಟ್ಟು ಗೆಲ್ಲಲಿಲ್ಲ ನೀವು?"

ಅವರು ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ಟೂಲಿನ ಮೇಲೆ ಸರಿಯಾಗಿ ಇಟ್ಟುಕೊಂಡರು. ಆಮೇಲೆ ಹೇಳಿದರು:

"ಗೆದ್ದಿದ್ರೆ ನೀನು ಮೋರೆ ಊದಿಸಿ ಎದ್ದು ಹೋಗ್ತಿದ್ದಿ. ಮತ್ತೆ ಸಂಜೆವರೆಗೆ ನಾನು ಯಾರೊಟ್ಟಿಗೆ ಆಡುದು ಮಾರಾಯ್ತಿ, ಈ ಪ್ಲಾಸ್ಟರಿನೊಟ್ಟಿಗಾ?"