ಹೊಸ್ತಿಲಾಚೆಯ ಚಪ್ಪಲಿ

ಬೆಳಗಿನ ಜಾವ ನಾಲ್ಕು ಗಂಟೆ ಮೂವತ್ತೊಂದು ನಿಮಿಷ. ಲಾಸ್ ಏಂಜಲಿಸ್‌ನ ನಮ್ಮ ಅಪಾರ್ಟ್‌ಮೆಂಟು ವರ್ಷಗಳ ಹಿಂದಿನ ಭೂಕಂಪಕ್ಕೆ ಅಲುಗಾಡಿ, ಗಾಜಿನ ಸಾಮಾನೆಲ್ಲ ನೆಲಕ್ಕೆ ಬಿದ್ದು ಚೂರಾದ ಹೊತ್ತು ಅದು. ಇವತ್ತು ಸ್ಯಾನ್ ಡಿಯಾಗೋದ ಜಪಾನೀ ತೋಟದಲ್ಲಿ, ಚಹಾಮನೆಯ ಮೆಟ್ಟಿಲುಗಲ್ಲಿನ ಮೇಲೆ ಯಾರೋ ಬಿಚ್ಚಿಟ್ಟ ಒಂದು ಜೊತೆ ಚಪ್ಪಲಿ ಕಂಡದ್ದೇ ಆ ನಿಮಿಷ ಮರಳಿ ಬಂತು. ಅದರ ಹಿಂದೆಯೇ ನಮ್ಮತ್ತೆ.

ಧಾರವಾಡದಿಂದ ಆರು ತಿಂಗಳಿಗೆಂದು ಬಂದ ಅತ್ತೆ ಮೊದಲ ದಿನವೇ ಕಾಯಿದೆ ಮಾಡಿದ್ದರು: ಚಪ್ಪಲಿ ಹೊಸ್ತಿಲಾಚೆ. ಹಾಗಾಗಿ ಭೂಮಿ ನಡುಗಿದಾಗ ನಮ್ಮ ಪಾದರಕ್ಷೆಗಳೆಲ್ಲ ಬಾಗಿಲ ಹೊರಗೆ ಶಿಸ್ತಾಗಿ ಸಾಲುಗಟ್ಟಿದ್ದವು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಕತ್ತಲಲ್ಲಿ ಅತ್ತೆ ತಮ್ಮ ಕೋಣೆಯಿಂದ ನನ್ನನ್ನು ಕರೆದರು. ನಡುವೆ ಗಾಜು. "ಅತ್ಯಾ" ಎಂದು ಕೂಗಿ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಹೋಗಲಿಲ್ಲ. ಅವರೇ ಬರಿಗಾಲಲ್ಲಿ ಬಂದರು.

ಅವರ ಅಂಗಾಲಿಗೆ ಹೊಲಿಗೆ ಬಿದ್ದವು. ಇಲ್ಲಿ ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯ ಗೆಳೆಯರ ಮನೆಗೆ ಬಂದು ಉಳಿದೆವು. ನಾನು ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ.; ಭೂಮಿ ಏಕೆ ನಡುಗುತ್ತದೆಂದು ನಿಮಗೆ ಚಿತ್ರ ಬರೆದು ವಿವರಿಸಬಲ್ಲೆ. ಆದರೆ ಶೂ ಹಾಕಿಕೊಂಡೇ ಮಲಗುತ್ತಿದ್ದೆ, ನಿದ್ದೆ ಬರುತ್ತಿರಲಿಲ್ಲ.

"ಕನಸಿನ್ಯಾಗ ಪರೇಡ್ ಅದ ಏನವಾ?" ಎನ್ನುತ್ತಿದ್ದರು ಅತ್ತೆ.

ಹೊಲಿಗೆ ಬಿಚ್ಚಿದ ಮೇಲೆ ದಿನವೂ ಬೆಳಿಗ್ಗೆ ಅವರನ್ನು ಈ ತೋಟಕ್ಕೆ ಕರೆತರುತ್ತಿದ್ದೆ. ನನ್ನ ಭುಜದ ಮೇಲೆ ಕೈಯಿಟ್ಟು ಒಂದೊಂದೇ ಹಾಸುಗಲ್ಲು ದಾಟುತ್ತಿದ್ದರು. ಕಲ್ಲುಗಳ ನಡುವಿನ ಅಂತರ ಒಂದೇ ಸಮ ಇಲ್ಲ, ನೋಡದೆ ಕಾಲಿಡುವಂತಿಲ್ಲ. "ಅವಸರದ ಮಂದಿಗೆ ಇಲ್ಲಿ ಜಾಗಾ ಇಲ್ಲ ನೋಡು." ಕೊಳದ ಬಣ್ಣದ ಮೀನುಗಳಿಗೆ ನೆಂಟರ ಹೆಸರಿಟ್ಟಿದ್ದರು. ಎಲ್ಲಕ್ಕಿಂತ ದಪ್ಪನೆಯದು ಅವರ ಮಗ, ಅಂದರೆ ನನ್ನ ಗಂಡ.

ಒಂದು ಬೆಳಿಗ್ಗೆ ಅತ್ತೆ ಈ ಮೆಟ್ಟಿಲುಗಲ್ಲಿನ ಮೇಲೆ ಚಪ್ಪಲಿ ಬಿಟ್ಟು ಚಹಾಮನೆಯೊಳಗೆ ಹೋದರು. ನಾನು ಹೊರಗೇ ನಿಂತೆ. ಬಾ ಎಂದರು. ಶೂ ಲೇಸಿಗೆ ಕೈ ಹೋಗಲಿಲ್ಲ.

"ಅತ್ಯಾ, ಅವತ್ತ ನೀವು ಕರದ್ರಿ. ನಾ ಬರಲಿಲ್ಲ."

ಅತ್ತೆ ಒಳಗೆ ಚಾಪೆಯ ಮೇಲೆ ಕೂತು, ಪಕ್ಕದ ಜಾಗ ತಟ್ಟಿದರು.

"ನೀ ಬರ್ಲಿ ಅಂತ ಕರದೆ ಅಂತ ಯಾರ ಹೇಳಿದ್ರು ನಿನಗ? ಜೀವಂತ ಇದ್ದೀಯೋ ಇಲ್ಲೋ ಅಂತ ಕರದೆ. ನೀ 'ಅತ್ಯಾ' ಅಂದಿ. ಸಾಕಾತು. ಈಗರ ಬಾ, ಇಲ್ಲಿ ಚಾಪಿ ಅದ."

ಶೂ ಬಿಚ್ಚಿದೆ. ಕಲ್ಲು ಇಬ್ಬನಿಗೆ ತಣ್ಣಗಿತ್ತು. ಅಂದು ರಾತ್ರಿ ಶೂಗಳನ್ನು ಹೊಸ್ತಿಲಾಚೆ ಬಿಟ್ಟು ಮಲಗಿದವಳು ಎದ್ದಾಗ, ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು.

ಅತ್ತೆ ತೀರಿಕೊಂಡು ವರ್ಷವಾಯಿತು. ಇವತ್ತು ಆ ಅಪರಿಚಿತ ಚಪ್ಪಲಿಯ ಪಕ್ಕ ನನ್ನದನ್ನೂ ಬಿಚ್ಚಿಟ್ಟು ಒಳಗೆ ಹೋದೆ. ಯಾರೂ ಕರೆಯಲಿಲ್ಲ. ಆದರೂ ಮೆಲ್ಲಗೆ, "ಅತ್ಯಾ" ಎಂದೆ.