ಕಜ್ಜಾಯ ಆಗಿಬರದ ಮನೆ

ಬನಶಂಕರಿ ಎರಡನೇ ಹಂತದ ಶ್ರೀದೇವಿ ಮಾಡಿದ ಕಜ್ಜಾಯ ತಿನ್ನದವರು ಅವರ ಬಳಗದಲ್ಲಿ ಯಾರೂ ಇರಲಿಲ್ಲ. ತಿಂದವರು ತಿಂದು ಸುಮ್ಮನಿರಬಹುದಿತ್ತು, ಹೊಗಳಿದರು. ಅವಳ ಕಷ್ಟ ಶುರುವಾದದ್ದೇ ಅಲ್ಲಿಂದ.

ದಸರೆ ಕಳೆದು, ಮಳೆ ಹಿಂದೆ ಸರಿದು, ಬಿಸಿಲು ಹದಕ್ಕೆ ಬರುವ ಹೊತ್ತಿಗೆ ಊರಿಗೆಲ್ಲ ಒಂದು ಹುರುಪು ಬರುತ್ತದೆ. ಶ್ರೀದೇವಿಗೆ ಮಾತ್ರ ಬಲಭುಜ ನೋಯಲು ತೊಡಗುತ್ತದೆ. ದೀಪಾವಳಿಗೆ ಕಜ್ಜಾಯ ಮಾಡುವುದೆಂದರೆ ಒಂದು ಮಧ್ಯಾಹ್ನದ ಕೆಲಸವಲ್ಲ. ಅಕ್ಕಿ ನೆನೆಸಿ, ನೆರಳಲ್ಲಿ ಹರವಿ, ಇನ್ನೂ ತೇವ ಇರುವಾಗಲೇ ಮಿಲ್ಲಿಗೆ ಒಯ್ದು ಹಿಟ್ಟು ಮಾಡಿಸಬೇಕು. ಬೆಲ್ಲದ ಪಾಕ ಎತ್ತಿ, ಆ ಹಿಟ್ಟು ಸುರಿದು, ರಟ್ಟೆ ಬೀಳುವವರೆಗೂ ತಿರುವಿ, ಏಲಕ್ಕಿ ಗಸಗಸೆ ಸೇರಿಸಿ ಮುಚ್ಚಿಡಬೇಕು. ಹಬ್ಬದ ದಿನ ಬಾಳೆಲೆಯ ಮೇಲೆ ತಟ್ಟಿ, ಎಣ್ಣೆಗೆ ಬಿಟ್ಟು, ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಹಿಂಡಿ ತೆಗೆಯಬೇಕು. ಎಲ್ಲದರ ಪ್ರಾಣ ಪಾಕದಲ್ಲಿದೆ. ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲೇ ಒಡೆದು ಚೂರಾಗುತ್ತದೆ, ಬಲಿತರೆ ಕಲ್ಲಾಗಿ ಹಲ್ಲು ಮುರಿಯುತ್ತದೆ.

ಮದುವೆಯಾದ ಮೊದಲ ದೀಪಾವಳಿಗೆ ಪದ್ಧತಿಯಂತೆ ಗಂಡನೊಂದಿಗೆ ಸಿದ್ದಾಪುರದ ತವರಿಗೆ ಹೋಗಿದ್ದಳು. ಮರುವರ್ಷ ಅತ್ತೆ ಶಾಂತಾದೇವಿ, 'ಎಲ್ಲಿ, ಪಾಕ ನೀನು ತಗೋ ನೋಡೋಣ' ಎಂದರು. ಹೆದರಿ ಹೆದರಿ ಮಾಡಿದ್ದು ಸರಿಯಾಗಿ ಬಂತು. ಅಂದು ಕೆಟ್ಟಿದ್ದರೆ ಒಂದು ದಿನ ಬೈಸಿಕೊಂಡು ಜೀವನಪೂರ್ತಿ ಹಾಯಾಗಿರುತ್ತಿದ್ದಳು. ಆದರೆ ಇಪ್ಪತ್ತೆರಡರ ಹುಡುಗಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಮೆಚ್ಚಿಸಬೇಕು ಅಂತ ಹೋದಳು, ಮೆಚ್ಚಿಸಿಬಿಟ್ಟಳು.

ಆಮೇಲೆ ವರ್ಷವರ್ಷವೂ ಹಿಟ್ಟು ಹೆಚ್ಚುತ್ತ ಹೋಯಿತು. ಗಂಡ ಶಿವರಾಜ್‌ಗೆ ಜಯನಗರದಲ್ಲಿ ಪಾತ್ರೆ ಅಂಗಡಿ, ಹಾಗಾಗಿ ಡಬ್ಬಗಳಿಗೆ ಬರವಿರಲಿಲ್ಲ. ಒಂದು ಡಬ್ಬ ಜೆ.ಪಿ. ನಗರದಲ್ಲಿದ್ದ ಅವನ ಅಕ್ಕ ಸರ್ವಮಂಗಳಾಗೆ, ಒಂದು ಮಠದ ಅಯ್ಯನವರಿಗೆ, ಒಂದು ಎದುರುಮನೆಗೆ, ಒಂದು ಬ್ಯಾಂಕಿನ ಮ್ಯಾನೇಜರಿಗೆ. ಹೊಸ ಗೆಳೆತನ ಬೆಳೆದಾಗಲೆಲ್ಲ ಶಿವರಾಜ್ ಒಂದು ಹೊಸ ಡಬ್ಬ ತರುತ್ತಿದ್ದ. ಸರ್ವಮಂಗಳಾ ಅಂತೂ ಹಬ್ಬ ಇನ್ನೂ ತಿಂಗಳಿರುವಾಗಲೇ ಖಾಲಿ ಡಬ್ಬವನ್ನು ತೊಳೆದು ಕಳಿಸುತ್ತಿದ್ದರು. ಸಿದ್ದಾಪುರ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿಗೂ ಪ್ರತಿವರ್ಷ ಡಬ್ಬ ಹೋಗುತ್ತಿತ್ತು, ಮಗಳು ಹೋಗುತ್ತಿರಲಿಲ್ಲ. ನರಕಚತುರ್ದಶಿಯ ದಿನ ಎಣ್ಣೆ ಒತ್ತಿಕೊಳ್ಳಲು ಬಾ ಎಂದು ತಾಯಿ ಕರೆಯುವುದು, ಇವಳು ಬಾಣಲೆಯ ಮುಂದೆ ನಿಂತೇ ಫೋನಿನಲ್ಲಿ 'ಮುಂದಿನ ವರ್ಷ ಬರ್ತೀನಮ್ಮ' ಎನ್ನುವುದು, ಇದೂ ಹಬ್ಬದ ಒಂದು ಪದ್ಧತಿಯೇ ಆಗಿಹೋಗಿತ್ತು.

ತಪ್ಪಿಸಿಕೊಳ್ಳಲು ಅವಳು ನೋಡಲಿಲ್ಲವೆಂದಲ್ಲ. ಒಂದು ವರ್ಷ ಬೇಕೆಂದೇ ಪಾಕವನ್ನು ಬಲಿಯಗೊಟ್ಟಳು. ಕಜ್ಜಾಯ ಕಲ್ಲಾಯಿತು. ಇನ್ನು ತನ್ನ ಕೈಯಿಂದ ಸೌಟು ಕಸಿದುಕೊಳ್ಳುತ್ತಾರೆ ಎಂದು ಒಳಗೊಳಗೇ ಹಿಗ್ಗುತ್ತ ನಿಂತಿದ್ದರೆ, ಶಾಂತಾದೇವಿ ಒಂದು ತುಂಡನ್ನು ಕುಟ್ಟಿ ನೋಡಿ, 'ಯಾರದ್ದೋ ಕಣ್ಣು ಬಿದ್ದಿದೆ' ಎಂದರು. ಸೊಸೆಯನ್ನು ಕೂರಿಸಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿ ಮುಗಿಸಿದ ಮೇಲೆ ಮತ್ತೆ ಅಕ್ಕಿ ನೆನೆಹಾಕಿಸಿದರು. ಆ ವರ್ಷ ಎರಡು ಸಲ ಮಾಡಿದ ಹಾಗಾಯಿತು. ಅತ್ತೆಯೇನೂ ಕೆಟ್ಟವರಲ್ಲ. ಸೊಸೆಯ ಮೇಲೆ ಅಪಾರ ನಂಬಿಕೆ ಇಟ್ಟಿದ್ದರು, ಅದೇ ತೊಂದರೆ.

ಮೂರು ವರ್ಷದ ಹಿಂದೆ, ನರಕಚತುರ್ದಶಿಯ ಬೆಳಿಗ್ಗೆ, ಶಾಂತಾದೇವಿ ಎಂದಿನಂತೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲ ಒಬ್ಬೆ ತೆಗೆದು ಒಂದನ್ನು ಅವರ ಕೈಗಿಟ್ಟಳು. ಚೂರು ಮುರಿದು ಬಾಯಿಗೆ ಹಾಕಿಕೊಂಡು, 'ಇನ್ನೊಂಚೂರು ಕೆಂಪಗಾಗ್ಬೇಕಿತ್ತು' ಎಂದರು. ತಲೆ ಪಕ್ಕಕ್ಕೆ ವಾಲಿತು. ಅಷ್ಟೇ. ಎಂಬತ್ತು ದಾಟಿದ ಜೀವ, ನರಳದೆ ಹೋಯಿತು.

ಶ್ರೀದೇವಿ ಓಡಿಹೋಗಿ ಮೊದಲು ಒಲೆ ಆರಿಸಿದಳು. ಆ ಗಳಿಗೆಯಲ್ಲಿ ಅವಳ ಮನಸ್ಸಿಗೆ ಬಂದದ್ದು, ಉಳಿದ ಹಿಟ್ಟು ತಟ್ಟುವುದು ಇವತ್ತಿಗೆ ತಪ್ಪಿತು ಎಂಬುದು. ಮರುಗಳಿಗೆಯಲ್ಲಿ, ಛೇ, ನಾನೆಂಥ ಹೆಂಗಸು ಅನ್ನಿಸಿತು. ಎರಡೂ ನಿಜವೇ. ಅತ್ತೆಯ ಕಾಲು ಹಿಡಿದುಕೊಂಡು ಅವಳು ಅತ್ತಳಲ್ಲ, ಆ ಅಳುವೂ ನಿಜವೇ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಮಠದ ಸಿದ್ದಲಿಂಗಯ್ಯನವರು ಶಿವರಾಜ್‌ನನ್ನು ಕರೆದು ಕೂರಿಸಿಕೊಂಡರು. 'ಹಬ್ಬದ ದಿನ, ಬಾಣಲೆ ಮುಂದೇನೇ ಹೋಗಿದಾರೆ. ಇನ್ಮೇಲೆ ನಿಮಗೆ ಕಜ್ಜಾಯ ಆಗಿಬರಲ್ಲ ಕಣಪ್ಪ. ನಿನಗೂ ಅಷ್ಟೆ, ನಿಮ್ಮಕ್ಕಂಗೂ ಅಷ್ಟೆ. ಇದೇ ಹಬ್ಬದ ದಿನ ಮನೇಲಿ ಮಗುನೋ ಕರುನೋ ಹುಟ್ಟಿದ್ರೆ ಮಾತ್ರ ಮತ್ತೆ ಶುರು ಮಾಡ್ಬಹುದು' ಎಂದರು. ಕಾರು ನಿಲ್ಲಿಸಲೇ ಜಾಗವಿಲ್ಲದ ಬೀದಿಯಲ್ಲಿ ಹಸು ಕಟ್ಟುವವರಾರು? ಮಗ ಸುಭಾಷ್‌ಗೆ ಆಗ ಇನ್ನೂ ಮದುವೆಯಾಗಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಶ್ರೀದೇವಿಗೆ, ಹೆಗಲ ಮೇಲಿಂದ ಯಾರೋ ಮೂಟೆ ಇಳಿಸಿದಷ್ಟು ಹಗುರವಾಯಿತು.

ಆದರೆ ಆ ಹಗುರವನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ. ಅತ್ತೆ ಸತ್ತದ್ದಕ್ಕೆ ಸೊಸೆ ಖುಷಿಪಟ್ಟಳು ಎಂದರೆ ಜನ ಸುಮ್ಮನಿರುತ್ತಾರೆಯೇ? ಜನ ಹಾಗಿರಲಿ, ಅವಳ ಮನಸ್ಸೇ ಅವಳನ್ನು ಚುಚ್ಚುತ್ತಿತ್ತು. ಅದಕ್ಕೇ ಯಾರು ಕಜ್ಜಾಯದ ಮಾತೆತ್ತಿದರೂ ಒಂದು ನಿಟ್ಟುಸಿರು ಬಿಡುವುದನ್ನು ರೂಢಿ ಮಾಡಿಕೊಂಡಳು. 'ಏನ್ ಮಾಡೋದು, ಕೈ ಕಟ್ಟಿಹಾಕಿದ ಹಾಗಾಗಿದೆ. ಕಜ್ಜಾಯ ಇಲ್ದಿದ್ರೆ ನನಗೆ ಹಬ್ಬ ಅಂತಾನೇ ಅನ್ಸಲ್ಲ' ಎನ್ನುವಳು. ಹೇಳಿ ಹೇಳಿ ಅದು ಎಷ್ಟು ಚೆನ್ನಾಗಿ ಬರತೊಡಗಿತೆಂದರೆ, ಸೆರಗು ತಾನಾಗಿಯೇ ಕಣ್ಣಿಗೆ ಹೋಗುತ್ತಿತ್ತು. ಯಾವುದನ್ನೂ ಅರೆಬರೆ ಮಾಡಿ ಗೊತ್ತಿಲ್ಲದ ಹೆಂಗಸು, ಸುಳ್ಳನ್ನೂ ಹದವಾಗಿಯೇ ಮಾಡಿದಳು.

ಮೊದಲ ವರ್ಷ ಹಬ್ಬವೇ ಇರಲಿಲ್ಲ. ಅದಾದ ಮೇಲೆ ಸುಭಾಷ್‌ಗೆ ಸುದ್ದಗುಂಟೆಪಾಳ್ಯದ ಹುಡುಗಿ ದಿವ್ಯಳೊಂದಿಗೆ ಮದುವೆಯಾಯಿತು. ಮಗ ಸೊಸೆ ಮೊದಲ ದೀಪಾವಳಿಗೆ ದಿವ್ಯಳ ತವರಿಗೆ ಹೊರಟರು. ಶ್ರೀದೇವಿ ಸೀರೆ ಉಟ್ಟುಕೊಂಡು ಸಿದ್ದಾಪುರಕ್ಕೆ ಹೊರಟಳು. ಅಲ್ಲಿ ತಾಯಿ ನಡುಗುವ ಕೈಯಲ್ಲಿ ಅವಳ ನೆತ್ತಿಗೆ ಎಣ್ಣೆ ತಟ್ಟಿದರು. ತಮ್ಮನ ಹೆಂಡತಿ ಬಿಸಿಬಿಸಿ ನೀರು ಹುಯ್ದಳು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಊಟಕ್ಕೆ ಕೂತರೆ ಯಾರೋ ಬಡಿಸಿದರು. ಉಂಡು, ಚಾಪೆಯ ಮೇಲೆ ಅಡ್ಡಾಗಿ, ಪಟಾಕಿ ಸದ್ದಿಗೂ ಎಚ್ಚರವಾಗದ ಹಾಗೆ ನಿದ್ದೆ ಹೋದಳು. ಐವತ್ತು ದಾಟಿದ ಮೇಲೆ ಅವಳಿಗೆ ಗೊತ್ತಾಯಿತು, ದೀಪಾವಳಿ ಅಂದರೆ ಇದು. 'ಮುಂದಿನ ವರ್ಷಾನೂ ಬರ್ತೀಯೇನೇ?' ಎಂದು ತಾಯಿ ಕೇಳಿದಾಗ, 'ಇನ್ಮೇಲೆ ಪ್ರತಿ ವರ್ಷಾನೂ ಬರ್ತೀನಮ್ಮ' ಎಂದು ಕೈಯ ಮೇಲೆ ಕೈಯಿಟ್ಟು ಹೇಳಿದಳು. ಸಂಜೆ ಮನೆಗೆ ಬಂದವಳೇ, ತವರಿನಿಂದ ವಾಪಸಾಗಿದ್ದ ದಿವ್ಯಳ ಎದುರು ನಿಟ್ಟುಸಿರು ಬಿಡುವುದನ್ನು ಮಾತ್ರ ಮರೆಯಲಿಲ್ಲ.

ಈ ವರ್ಷ ದಿವ್ಯ ಬಸುರಿಯಾದಳು. ಮನೆಗೆಲ್ಲ ಸಂಭ್ರಮ, ಶ್ರೀದೇವಿಗೂ ಸಂಭ್ರಮ. ಎಂಟು ತಿಂಗಳಾದಾಗ ಸರ್ವಮಂಗಳಾ ಕ್ಯಾಲೆಂಡರು ತಿರುವಿ ನೋಡಿ, 'ಏ ಶ್ರೀದೇವಿ, ದೀಪಾವಳಿ ಹತ್ರಹತ್ರಾನೇ ಬರುತ್ತಲ್ಲೇ!' ಎಂದರು. ಶ್ರೀದೇವಿ, 'ಅದು ನಮ್ಮ ಕೈಲಿದೆಯಾ ಅತ್ತಿಗೆ, ಶಿವ ಕೊಟ್ಟ ದಿನ ಕೊಡ್ತಾನೆ' ಎಂದು ಜಾರಿಸಿದಳು.

ಆದರೆ ಮಗು ಹೊಟ್ಟೆಯಲ್ಲಿ ತಿರುಗಿಕೊಳ್ಳಲಿಲ್ಲ, ಕಾಲು ಕೆಳಗೆ ಮಾಡಿಕೊಂಡೇ ಕೂತಿತ್ತು. ಆಪರೇಷನ್ನೇ ಆಗಬೇಕೆಂದು ಡಾಕ್ಟರು ಎರಡು ದಿನಾಂಕ ಕೊಟ್ಟರು. ಒಂದು ಹಬ್ಬದ ಹಿಂದಿನ ದಿನ, ಇನ್ನೊಂದು ನರಕಚತುರ್ದಶಿ. ಯಾವುದಾದರೂ ಸರಿ, ತಾಯಿ ಮಗುವಿಗೆ ಏನೂ ವ್ಯತ್ಯಾಸವಿಲ್ಲ ಎಂದರು. ಶಿವ ತನ್ನ ಕೆಲಸವನ್ನು ಹೀಗೆ ಡಾಕ್ಟರಿಗೆ ವಹಿಸಿಬಿಡುತ್ತಾನೆಂದು ಶ್ರೀದೇವಿ ಎಣಿಸಿರಲಿಲ್ಲ.

ಸರ್ವಮಂಗಳಾ ಅಂದೇ ಆಟೋ ಹತ್ತಿ ಬಂದರು. 'ಎರಡು ಮಾತಿಲ್ಲ, ಹಬ್ಬದ ದಿನಾನೇ. ಅಮ್ಮನೇ ವಾಪಸ್ ಬರ್ತಾ ಇದಾಳೆ ಕಣೇ. ನಿಂತಿದ್ದು ಮತ್ತೆ ಶುರುವಾಗುತ್ತೆ.'

'ಹಬ್ಬದ ದಿನ ಆಸ್ಪತ್ರೆಲಿ ಜನ ಕಮ್ಮಿ ಇರ್ತಾರೆ ಅತ್ತಿಗೆ. ಹಿಂದಿನ ದಿನಾನೇ ವಾಸಿ ಅಲ್ವಾ?' ಎಂದಳು ಶ್ರೀದೇವಿ. ಶಿವರಾಜ್ ಪೇಪರಿನಿಂದ ತಲೆಯೆತ್ತಿ, 'ದಿವ್ಯ ಹೆಂಗೆ ಹೇಳ್ತಾಳೋ ಹಂಗೆ' ಎಂದ. ಆ ಮಾತು ಕೇಳಿ ಅವಳಿಗೆ ಉಸಿರು ಬಂತು. ದಿವ್ಯ ಇಂಥದ್ದನ್ನೆಲ್ಲ ನಂಬುವವಳಲ್ಲ. ರಾಹುಕಾಲದಲ್ಲೇ ಸ್ಕೂಟರ್ ತಂದವಳು. ಆಗಿಬರೋದು ಬರದೇ ಇರೋದು ಎಲ್ಲ ಸುಮ್ನೆ ಅತ್ತೆ, ಎಂದು ಎಷ್ಟು ಸಲ ನಕ್ಕಿರಲಿಲ್ಲ? ತವರಲ್ಲಿದ್ದ ಸೊಸೆಗೆ ಫೋನು ಮಾಡಿ, 'ಯಾರ ಮಾತಿಗೂ ಕಟ್ಟುಬೀಳಬೇಡ ಕಣಮ್ಮ, ನಿನಗೆ ಅನುಕೂಲ ಆದ ದಿನ ಇಟ್ಕೋ. ಹಿಂದಿನ ದಿನ ಆದ್ರೂ ನನಗೇನೂ ಬೇಜಾರಿಲ್ಲ' ಎಂದಳು. ಕೊನೆಗೆ ಅಭ್ಯಾಸಬಲದಿಂದ ಒಂದು ನಿಟ್ಟುಸಿರೂ ಬಂದುಬಿಟ್ಟಿತು. ದಿವ್ಯ ಆ ಕಡೆಯಿಂದ ಅದನ್ನೂ ಕೇಳಿಸಿಕೊಂಡಳು. ಆಮೇಲೆ, 'ಆಯ್ತು ಅತ್ತೆ, ನೀವು ತಲೆ ಕೆಡಿಸ್ಕೋಬೇಡಿ' ಎಂದಳು.

ನರಕಚತುರ್ದಶಿಯ ಬೆಳಿಗ್ಗೆ ಜಯನಗರದ ನರ್ಸಿಂಗ್ ಹೋಮಿನಲ್ಲಿ ಹೆಣ್ಣುಮಗು ಹುಟ್ಟಿತು.

ಡಾಕ್ಟರೇ ಆ ದಿನ ಗೊತ್ತುಮಾಡಿದರೆಂದು ಸುಭಾಷ್ ಎರಡು ದಿನ ಮೊದಲು ಹೇಳಿದಾಗಲೇ ಶ್ರೀದೇವಿ ಕುಸಿದಿದ್ದಳು. ಈಗ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಕೈಗೆ ಕೊಟ್ಟಾಗ ಅದನ್ನು ಎದೆಗವಚಿಕೊಂಡಳು. ಎಷ್ಟು ಮುದ್ದಾಗಿತ್ತೆಂದರೆ ಅದರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವ ಹಾಗಿರಲಿಲ್ಲ. ಪಕ್ಕದಲ್ಲಿ ಸರ್ವಮಂಗಳಾ ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಸುದ್ದಿ ಹಂಚುತ್ತಿದ್ದರು. 'ಮೊಮ್ಮಗಳು! ಹೂಂ, ಹಬ್ಬದ ದಿನಾನೇ! ಅಕ್ಕಿ ನೆನೆಹಾಕೇ ಬಂದಿದೀನಿ. ನಾಳೆ ಹಿಟ್ಟು, ನಾಡಿದ್ದು ಶ್ರೀದೇವಿ ಪಾಕ ತಗೋತಾಳೆ. ನಿಮ್ಮ ಡಬ್ಬ ಕಳಿಸಿಬಿಡಿ.'

ದಿವ್ಯ ಮಂಪರಿನಲ್ಲೇ ಕೈಚಾಚಿ ಅತ್ತೆಯ ಕೈ ಹಿಡಿದುಕೊಂಡಳು. 'ಖುಷಿ ಆಯ್ತಾ ಅತ್ತೆ? ದಿನ ಡಾಕ್ಟರ್ ಹೇಳಿದ್ದಲ್ಲ, ನಾನೇ ಕೇಳಿ ಹಾಕಿಸಿಕೊಂಡಿದ್ದು. ನಮ್ಮಮ್ಮ ಹಿಂದಿನ ದಿನಾನೇ ಅಂತ ಹಠ ಮಾಡಿದ್ರು. ನನಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ, ನಿಮಗೆ ಗೊತ್ತಲ್ಲ. ಆದ್ರೆ ಕಜ್ಜಾಯ ಅಂದ್ರೆ ಸಾಕು, ಕಣ್ಣೀರು ಹಾಕ್ತಿದ್ರಿ. ಬಾಯಿಬಿಟ್ಟು ಕೇಳೋರಲ್ಲ ನೀವು. ಅದಕ್ಕೇ ಅಂದ್ಕೊಂಡೆ, ಇಷ್ಟಾದ್ರೂ ನಿಮಗೋಸ್ಕರ ಮಾಡೋಣ ಅಂತ.'

ಶ್ರೀದೇವಿಗೆ ಕಣ್ಣು ತುಂಬಿ ಬಂತು. ದಿವ್ಯ ಮೆಲ್ಲಗೆ ನಕ್ಕಳು. ಇಷ್ಟು ಪ್ರೀತಿಯಿಂದ ಹಾಕಿದ ಬೀಗವನ್ನು ಯಾರು ಒಡೆಯುತ್ತಾರೆ, ಯಾವ ಬಾಯಲ್ಲಿ ಒಡೆಯುತ್ತಾರೆ? ನನಗೆ ಬೇಡವಾಗಿತ್ತಮ್ಮ, ಅದೆಲ್ಲ ಸುಳ್ಳಮ್ಮ ಎಂದು ಹೊಟ್ಟೆ ಕೊಯ್ಸಿಕೊಂಡು ಮಲಗಿರುವ ಹುಡುಗಿಗೆ ಹೇಳುವುದು ಸಾಧ್ಯವೇ? ಸಾಧ್ಯವಿರಲಿಲ್ಲ. ಅವಳು ತಲೆಯಾಡಿಸಿದಳು.

ಸರ್ವಮಂಗಳಾ ಫೋನಿಟ್ಟು ಮಂಚದ ಹತ್ತಿರ ಬಂದು ಮಗುವಿನ ಗಲ್ಲ ಸವರಿದರು. 'ಇನ್ನು ನಿಲ್ಲೋ ಮಾತೇ ಇಲ್ಲ. ಶ್ರೀದೇವಿ ಆದ್ಮೇಲೆ ದಿವ್ಯ, ದಿವ್ಯ ಆದ್ಮೇಲೆ ಈ ಪುಟ್ಟಮ್ಮ.'

'ಹೌದು ಅತ್ತೆ, ಮುಂದಿನ ವರ್ಷ ನನಗೂ ಪಾಕ ಹೇಳ್ಕೊಡಿ' ಎಂದಳು ದಿವ್ಯ.

'ಇಲ್ಲ' ಎಂದಳು ಶ್ರೀದೇವಿ.

ಅವಳ ಬಾಯಲ್ಲಿ ಆ ಮಾತು ಅಷ್ಟು ಗಟ್ಟಿಯಾಗಿ ಬಂದದ್ದನ್ನು ಆ ಮನೆಯವರು ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿದ್ದ ನರ್ಸ್ ಕೂಡ ತಿರುಗಿ ನೋಡಿದಳು.

'ನಿನಗೆ ಹೇಳ್ಕೊಡಲ್ಲ. ಇವಳಿಗೂ ಹೇಳ್ಕೊಡಲ್ಲ. ನನ್ನ ಜೊತೆಗೇ ಹೋಗ್ಲಿ ಅದು.'

ದಿವ್ಯಳ ಮುಖ ಸಪ್ಪಗಾಯಿತು. ಕೈ ನಿಧಾನವಾಗಿ ಸಡಿಲವಾಯಿತು. ಸರ್ವಮಂಗಳಾ ಗೊಳ್ಳನೆ ನಕ್ಕರು. 'ನೋಡಿದ್ಯಾ? ಅದರ ಮೇಲೆ ಎಷ್ಟು ಅಭಿಮಾನ ಇವಳಿಗೆ! ಹೆಸರೆಲ್ಲ ತನಗೇ ಇರ್ಲಿ ಅಂತ, ಸೊಸೆಗೂ ಬಿಟ್ಕೊಡಲ್ಲ!'

ಬೇಕಿದ್ದರೆ ಒಂದು ಮಾತಿನಲ್ಲಿ ಸರಿಪಡಿಸಬಹುದಿತ್ತು. ಒಂದು ನಿಟ್ಟುಸಿರು ಬಿಟ್ಟಿದ್ದರೂ ಸಾಕಾಗಿತ್ತು. ಶ್ರೀದೇವಿ ಮುಷ್ಟಿ ಬಿಗಿಹಿಡಿದು ಮಲಗಿದ್ದ ಮೊಮ್ಮಗಳನ್ನು ನೋಡಿದಳು, ಪೆಚ್ಚಾಗಿ ಗೋಡೆ ಕಡೆ ಮುಖ ಮಾಡಿದ ಸೊಸೆಯನ್ನು ನೋಡಿದಳು.

'ಹೌದು ಅತ್ತಿಗೆ, ಯಾರಿಗೂ ಬಿಟ್ಕೊಡಲ್ಲ' ಎಂದಳು.